ಹುಲ್ಲು, ನೀರು, ಋತು: ಬಾಣಸವಾಡಿ ಹಾಗೂ ಬೆಂಗಳೂರು ದಂಡಿನ ಬಯಲುಗಳ ಪಾಲನೆ

ಒಂದು ಊರಿನ ಇತಿಹಾಸವನ್ನು ಬರೆಯುವವರು ಅದರ ಕೋಟೆ, ದೇವಾಲಯ, ಶಾಸನ, ರಾಜವಂಶಗಳ ಕಡೆಗೆ ಮೊದಲು ಗಮನ ಕೊಡುವುದು ಸಹಜ. ಕಾಲಡಿಯ ಹುಲ್ಲಿಗೂ ಒಂದು ಇತಿಹಾಸವಿದೆಯೆಂಬುದು ಒಮ್ಮೆಗೇ ಹೊಳೆಯುವುದಿಲ್ಲ. ಆದರೆ ಊರಿನ ಬಯಲನ್ನು ಯಾರು ಕಾಯುತ್ತಿದ್ದರು, ಯಾವ ತಿಂಗಳಲ್ಲಿ ಅದನ್ನು ತುಳಿಯಲು ಬಿಡುತ್ತಿದ್ದರು, ಬೇಸಗೆಯಲ್ಲಿ ಅದಕ್ಕೆ ನೀರು ಎಲ್ಲಿಂದ ಬರುತ್ತಿತ್ತು ಎಂಬ ಪ್ರಶ್ನೆಗಳನ್ನು ಕೇಳಿಕೊಂಡರೆ, ಆ ಊರಿನ ಆರ್ಥಿಕ ಹಾಗೂ ಸಾಮಾಜಿಕ ಚರಿತ್ರೆಯ ಒಂದು ಮುಖ್ಯ ಭಾಗವೇ ತೆರೆದುಕೊಳ್ಳುತ್ತದೆ. ಬೆಂಗಳೂರಿನ ದಂಡು ಪ್ರದೇಶವನ್ನೂ ಅದರ ಪೂರ್ವೋತ್ತರದ ಅಂಚಿನಲ್ಲಿರುವ ಬಾಣಸವಾಡಿಯಂಥ ಗ್ರಾಮಗಳನ್ನೂ ಆಧಾರವಾಗಿಟ್ಟುಕೊಂಡು ಈ ಪ್ರಶ್ನೆಗಳನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ನಾವು ಪ್ರತಿಪಾದಿಸಲಿರುವ ಅಂಶ ಇಷ್ಟೆ. ಈ ನಾಡಿನ ಹಳೆಯ ಪದ್ಧತಿಯಲ್ಲಿ ಹುಲ್ಲು ಋತುವಿಗೆ ಅನುಸಾರವಾಗಿ ಬೆಳೆಯುತ್ತಿತ್ತು, ಒಣಗುತ್ತಿತ್ತು. ಹಸುರು ಇದ್ದ ಕಡೆಗೆ ದನಗಳು ಹೋಗುತ್ತಿದ್ದವು. ದಂಡು ಸ್ಥಾಪನೆಯಾದ ಮೇಲೆ ಕ್ರಮವಾಗಿ ಇದಕ್ಕೆ ವಿರುದ್ಧವಾದ ಪದ್ಧತಿ ನೆಲೆಗೊಂಡಿತು. ಬಯಲು ಒಂದೇ ಕಡೆ ನಿಂತಿತು. ಅದನ್ನು ವರ್ಷವಿಡೀ ಹಸುರಾಗಿಡಲು ನೀರೇ ಅದಿದ್ದಲ್ಲಿಗೆ ಬರಬೇಕಾಯಿತು. ಈ ಬದಲಾವಣೆಯ ಬೆಲೆಯನ್ನು ಯಾರು ತೆತ್ತರೆಂಬುದೇ ಇಲ್ಲಿನ ವಿಚಾರ.

೧. ನೆಲ ಮತ್ತು ಮಳೆ

ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು ೯೦೦ ಮೀಟರ್ ಎತ್ತರದಲ್ಲಿರುವ ಪ್ರಸ್ಥಭೂಮಿಯ ಮೇಲಿದೆ. ಇಲ್ಲಿ ಜೀವನದಿಯಿಲ್ಲ. ಪೂರ್ವಭಾಗದ ಮಳೆನೀರು ಇಳಿಜಾರಿನ ಕೆರೆಯಿಂದ ಕೆರೆಗೆ ಹರಿದು ಕೊನೆಗೆ ದಕ್ಷಿಣ ಪಿನಾಕಿನಿಯನ್ನು ಸೇರುತ್ತದೆ. ಮಣ್ಣು ಬಹುಮಟ್ಟಿಗೆ ಕೆಂಪು. ನೀರನ್ನು ಬೇಗ ಇಂಗಿಸಿಕೊಂಡು ಬೇಗ ಒಣಗುವಂಥದು, ಒಣಗಿದ ಮೇಲೆ ಗಟ್ಟಿಯಾಗುವಂಥದು.

ವರ್ಷಕ್ಕೆ ಸರಾಸರಿ ೯೦ರಿಂದ ೧೦೦ ಸೆಂಟಿಮೀಟರ್ ಮಳೆ ಬೀಳುತ್ತದೆ. ಲಂಡನ್ ನಗರದಲ್ಲಿ ಬೀಳುವ ಮಳೆ ಸುಮಾರು ೬೦ ಸೆಂಟಿಮೀಟರ್ ಮಾತ್ರ. ಹೀಗಿದ್ದರೂ ಅಲ್ಲಿನ ಹುಲ್ಲುಹಾಸು ವರ್ಷದ ಬಹುಭಾಗ ಹಸುರಾಗಿರುತ್ತದೆ, ಇಲ್ಲಿನದು ಹಾಗಿರುವುದಿಲ್ಲ. ಕಾರಣ ಮಳೆಯ ಮೊತ್ತದಲ್ಲಿಲ್ಲ, ಅದರ ಹಂಚಿಕೆಯಲ್ಲಿದೆ. ಲಂಡನ್ನಿನಲ್ಲಿ ಹನ್ನೆರಡು ತಿಂಗಳೂ ಸ್ವಲ್ಪ ಸ್ವಲ್ಪವಾಗಿ ಮಳೆಯಾಗುತ್ತದೆ, ಬಿಸಿಲು ಮೃದು. ಬೆಂಗಳೂರಿನಲ್ಲಿ ಸೆಪ್ಟೆಂಬರ್, ಅಕ್ಟೋಬರ್ ಎರಡು ತಿಂಗಳಲ್ಲೇ ವರ್ಷದ ಮಳೆಯ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು ಸುರಿಯುತ್ತದೆ. ಜನವರಿಯಿಂದ ಮಾರ್ಚಿಯವರೆಗಿನ ಮೂರು ತಿಂಗಳ ಸರಾಸರಿ ಮಳೆಯನ್ನು ಕೂಡಿಸಿದರೂ ಮೂರು ಸೆಂಟಿಮೀಟರ್ ಆಗುವುದಿಲ್ಲ.

ಇಂಥ ನೆಲಕ್ಕೆ, ಇಂಥ ಮಳೆಗೆ ಒಪ್ಪುವ ಹುಲ್ಲು ಗರಿಕೆ. ಗಣಪತಿಯ ಪೂಜೆಗೆ ನಾವು ಬಳಸುವ ಈ ಹುಲ್ಲನ್ನೇ ಪಾಶ್ಚಾತ್ಯರು ಬರ್ಮುಡಾ ಹುಲ್ಲೆಂದು ಕರೆದು ಆಟದ ಮೈದಾನಗಳಲ್ಲಿ ಬೆಳೆಸುತ್ತಾರೆ. ಇದು ನೆಲದ ಮೇಲೆ ಹಬ್ಬುವ ಕಾಂಡಗಳಿಂದಲೂ ನೆಲದೊಳಗೆ ಹರಿಯುವ ಕಾಂಡಗಳಿಂದಲೂ ವಿಸ್ತಾರಗೊಳ್ಳುತ್ತದೆ. ನೀರು ದೊರೆಯದಿದ್ದಾಗ ಮೇಲಿನ ಎಲೆಗಳು ಒಣಗಿ ಕಂದುಬಣ್ಣಕ್ಕೆ ತಿರುಗುತ್ತವೆ. ಒಳಗಿನ ಕಾಂಡ ಬೆಳವಣಿಗೆಯನ್ನು ನಿಲ್ಲಿಸಿ ಜೀವವನ್ನು ಹಿಡಿದುಕೊಂಡಿರುತ್ತದೆ. ಮೊದಲ ಮಳೆ ಬಿದ್ದ ಕೆಲವೇ ದಿನಗಳಲ್ಲಿ ಮತ್ತೆ ಚಿಗುರುತ್ತದೆ. ಆದುದರಿಂದ ಮಾರ್ಚಿ ತಿಂಗಳಲ್ಲಿ ಕಂದಾಗಿ ಕಾಣುವ ಗರಿಕೆಯ ಬಯಲು ಸತ್ತ ಬಯಲಲ್ಲ, ವಿಶ್ರಮಿಸುತ್ತಿರುವ ಬಯಲು. ಮುಂದಿನ ವಿಚಾರಕ್ಕೆಲ್ಲ ಈ ಸಂಗತಿ ಬುನಾದಿ.

೨. ಗ್ರಾಮದ ವ್ಯವಸ್ಥೆ

ಬಾಣಸವಾಡಿಯ ಹೆಸರಿನ ಮೊದಲ ಭಾಗ ಹಳಗನ್ನಡದ 'ಬಾಣಸ' ಎಂಬ ಮಾತನ್ನು ನೆನಪಿಗೆ ತರುತ್ತದೆ. ಬಾಣಸವೆಂದರೆ ಅಡುಗೆ, ಬಾಣಸಿಗನೆಂದರೆ ಅಡುಗೆಯವನು. ಹೆಸರಿನ ಮೂಲ ಏನೇ ಇರಲಿ, ಈ ಭಾಗದ ಗ್ರಾಮಗಳ ರಚನೆ ಹಳೆಯ ಮೈಸೂರು ಸೀಮೆಯ ಇತರ ಗ್ರಾಮಗಳ ರಚನೆಗಿಂತ ಭಿನ್ನವಾಗಿರಲಿಲ್ಲ. ಊರು, ಅದರ ತಗ್ಗಿನಲ್ಲಿ ಕೆರೆ, ಕೆರೆಯ ಕೆಳಗೆ ಗದ್ದೆ ತೋಟ, ಏರುನೆಲದಲ್ಲಿ ರಾಗಿಯ ಹೊಲ, ಊರಿಗೆಲ್ಲ ಸೇರಿದ ಗೋಮಾಳ, ನೆರಳಿಗೊಂದು ಗುಂಡುತೋಪು. ಇವುಗಳಲ್ಲಿ ಗೋಮಾಳ, ಕೆರೆಯಂಗಳ ಹಾಗೂ ಗುಂಡುತೋಪುಗಳನ್ನು ಒಟ್ಟಾಗಿ ನೋಡಬೇಕು. ಮುಂಗಾರಿನಿಂದ ಹಿಂಗಾರಿನವರೆಗೆ ದನಕುರಿಗಳು ಏರುನೆಲದ ಗೋಮಾಳದಲ್ಲಿ ಮೇಯುತ್ತಿದ್ದವು. ಬೇಸಗೆ ಬಂದು ಗೋಮಾಳ ಒಣಗಿದಾಗ ಕೆರೆಯ ನೀರು ಹಿಂದೆ ಸರಿದು, ತೇವವಾದ ಅಂಗಳದಲ್ಲಿ ಎಳೆಹುಲ್ಲು ಏಳುತ್ತಿತ್ತು, ದನಗಳು ಅಲ್ಲಿಗಿಳಿಯುತ್ತಿದ್ದವು. ಮಧ್ಯಾಹ್ನದ ಬಿಸಿಲಿಗೆ ತೋಪು ಆಸರೆಯಾಗುತ್ತಿತ್ತು. ಮೇಲಿನ ಬಯಲಿಗೆ ಬೇಸಗೆಯಲ್ಲಿ ತುಳಿತವಿಲ್ಲದೆ ವಿರಾಮ ದೊರೆಯುತ್ತಿತ್ತು. ಕೆರೆಯಂಗಳಕ್ಕೆ ಗೊಬ್ಬರ ಸೇರುತ್ತಿತ್ತು.

ಈ ಗ್ರಾಮಪದ್ಧತಿಯೇ ದೊಡ್ಡ ಪ್ರಮಾಣದಲ್ಲಿ ರಾಜ್ಯದ ಆಡಳಿತಕ್ಕೂ ಬಂದುದನ್ನು ಅಮೃತಮಹಲ್ ಇಲಾಖೆಯಲ್ಲಿ ಕಾಣುತ್ತೇವೆ. ಚಿಕ್ಕದೇವರಾಜ ಒಡೆಯರ (೧೬೭೨–೧೭೦೪) ಕಾಲದಲ್ಲಿ 'ಬೆಣ್ಣೆ ಚಾವಡಿ' ಎಂದಿದ್ದ ಈ ಇಲಾಖೆಯನ್ನು ಹೈದರಾಲಿ ಸೈನ್ಯದ ಸಾಗಣೆಗೆ ಬಳಸಿಕೊಂಡನು. ಟಿಪ್ಪು ಅದಕ್ಕೆ ಅಮೃತಮಹಲ್ ಎಂದು ಹೆಸರಿಟ್ಟನು. ದನಗಳ ಮೇವಿಗೆ ಮೀಸಲಾದ ಹುಲ್ಲುಗಾವಲುಗಳು 'ಕಾವಲ್' ಎನಿಸಿದವು. ಈ ಕಾವಲುಗಳನ್ನು ಬೇಸಗೆಯ ಕಾವಲ್, ಮಳೆಗಾಲದ ಕಾವಲ್, ಚಳಿಗಾಲದ ಕಾವಲ್ ಎಂದು ಮೂರು ಬಗೆಯಾಗಿ ವಿಂಗಡಿಸಿದ್ದರು. ನೀರು ನೆರಳುಗಳಿದ್ದು ಕೆರೆಯಂಗಳದ ಮೇವು ದೊರೆಯುವಂಥವು ಬೇಸಗೆಗೆ. ಮಳೆಯಲ್ಲಿ ಮಾತ್ರ ಹುಲ್ಲು ಏಳುವಂಥವು ಮಳೆಗಾಲಕ್ಕೆ. ದನದ ಹಿಂಡು ಋತುವಿಗನುಸಾರವಾಗಿ ಒಂದರಿಂದ ಇನ್ನೊಂದಕ್ಕೆ ಸಾಗುತ್ತಿತ್ತು. ನೆಲವನ್ನು ಋತುಮಾನದಿಂದ ವರ್ಗೀಕರಿಸಿ ಪಾಲಿಸುವ ಸುವ್ಯವಸ್ಥಿತವಾದ ಕ್ರಮ ಇಲ್ಲಿ ಆಗಲೇ ಇದ್ದಿತೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ. ಬಾಣಸವಾಡಿಗೆ ದೂರವಲ್ಲದ ಕಾವಲ್ ಬೈರಸಂದ್ರದ ಹೆಸರಿನಲ್ಲಿ 'ಕಾವಲ್' ಎಂಬ ಮಾತು ಇಂದಿಗೂ ಉಳಿದಿದೆ.

ವರ್ಷವಿಡೀ ಹಸುರಾಗಿರಬೇಕಾದ ನೆಲ ಅಂದು ಇರಲೇ ಇಲ್ಲವೆಂದಲ್ಲ. ಅರಮನೆಯ ತೋಟಗಳು ಇದ್ದವು. ೧೮೦೦ರಲ್ಲಿ ಬೆಂಗಳೂರಿಗೆ ಬಂದ ಫ್ರಾನ್ಸಿಸ್ ಬುಕಾನನ್ ಇಲ್ಲಿನ ರಾಜೋದ್ಯಾನಗಳನ್ನು ನೋಡಿ, ನೀರಿನ ಅಭಾವವೇ ಅವುಗಳ ಮುಖ್ಯ ಕೊರತೆಯೆಂದು ತನ್ನ ಪ್ರವಾಸಗ್ರಂಥದಲ್ಲಿ ಬರೆದಿದ್ದಾನೆ. ಟಿಪ್ಪುವಿನ ತೋಟಕ್ಕೆ ಬಾವಿಗಳಿಂದ ಕಪಿಲೆ ಹೂಡಿ, ಎತ್ತುಗಳು ಇಳಿಜಾರಿನಲ್ಲಿ ಇಳಿಯುವಾಗ ಚರ್ಮದ ಚೀಲದಲ್ಲಿ ನೀರೆತ್ತುತ್ತಿದ್ದರು. ಹೈದರನ ತೋಟಕ್ಕೆ ಜಲಾಶಯದಿಂದ ನೀರು ಬರುತ್ತಿತ್ತು. ಇದರಿಂದ ಎರಡು ಅಂಶಗಳು ತಿಳಿಯುತ್ತವೆ. ಬೇಸಗೆಯ ಹಸುರು ಅಂದೂ ದುಬಾರಿಯಾದ ವಸ್ತುವಾಗಿತ್ತು. ಆದುದರಿಂದಲೇ ಅದು ಹಣ್ಣು ಹೂಗಳ ತೋಟಕ್ಕೆ ಸೀಮಿತವಾಗಿತ್ತು. ಬರಿಯ ಹುಲ್ಲಿಗಾಗಿ ಕಪಿಲೆ ಹೂಡುವುದು ಯಾರ ಕಲ್ಪನೆಗೂ ಬಂದಿರಲಾರದು.

೩. ದಂಡು ಮತ್ತು ಮೈದಾನ

೧೭೯೯ರಲ್ಲಿ ಶ್ರೀರಂಗಪಟ್ಟಣ ಪತನವಾದ ಮೇಲೆ ಅಲ್ಲಿ ನೆಲೆನಿಂತ ಬ್ರಿಟಿಷ್ ಸೈನ್ಯ ಜ್ವರಬಾಧೆಯಿಂದ ನರಳಿತು. ಹತ್ತು ವರ್ಷಗಳೊಳಗೆ, ೧೮೦೯ರ ವೇಳೆಗೆ, ಸೈನ್ಯವನ್ನು ಹಲಸೂರಿನ ಬಳಿಯ ಏರುನೆಲಕ್ಕೆ ಸ್ಥಳಾಂತರಿಸಲಾಯಿತು. ಹೀಗೆ ಹುಟ್ಟಿದ ಊರನ್ನು ಜನ ದಂಡು ಎಂದು ಕರೆದರು. ಹಳೆಯ ಊರು ಪೇಟೆಯಾಗಿ ಉಳಿಯಿತು. ದಂಡಿನ ನಡುವೆ ವಿಸ್ತಾರವಾದ ಪೆರೇಡ್ ಮೈದಾನವಿತ್ತು. ಬಂಗಲೆಗಳ ಸುತ್ತ ದೊಡ್ಡ ಅಂಗಳಗಳಿದ್ದವು.

ಆರಂಭದ ಕಾಲದಲ್ಲಿ ಈ ಬಯಲುಗಳ ಪಾಲನೆಯೂ ಹೆಚ್ಚುಕಡಮೆ ದೇಶೀಯ ರೀತಿಯಲ್ಲೇ ನಡೆಯಿತೆನ್ನಬಹುದು. ಅಶ್ವದಳದ ಪ್ರತಿಯೊಂದು ಕುದುರೆಗೂ ಒಬ್ಬ ಕುದುರೆಯಾಳಿನ ಜೊತೆಗೆ ಹುಲ್ಲು ತರುವ ಒಬ್ಬ ಆಳನ್ನು ನೇಮಿಸುವುದು ಆ ಕಾಲದ ಸೈನ್ಯದಲ್ಲಿ ವಾಡಿಕೆಯಾಗಿತ್ತು. ಇವರು ಕುರ್ಚಿಗೆಯಿಂದ ಗರಿಕೆಯನ್ನು ಬೇರುಸಹಿತ ಹೆರೆದು, ಮಣ್ಣು ಕೊಡವಿ, ತೊಳೆದು ಕುದುರೆಗೆ ಹಾಕುತ್ತಿದ್ದರು. ಒಂದು ದಳದ ಕುದುರೆಗಳಿಗೆ ಪ್ರತಿದಿನ ಬೇಕಾಗುವ ಹುಲ್ಲು ದಂಡಿನೊಳಗೆ ಸಾಲದಾದಾಗ ಸುತ್ತಣ ಗ್ರಾಮಗಳ ಬಯಲೇ ಗತಿ. ದಂಡಿನ ಅಂಚಿನ ಹಳ್ಳಿಗಳಿಗೂ ಸೈನ್ಯಕ್ಕೂ ನಡುವೆ ತರಕಾರಿ, ಹಾಲುಗಳ ಸಂಬಂಧವಿದ್ದಂತೆಯೇ ಹುಲ್ಲಿನ ಸಂಬಂಧವೂ ಇತ್ತೆಂಬುದನ್ನು ಇತಿಹಾಸಕಾರರು ಮರೆಯಬಾರದು.

ಇದೇ ಕಾಲದಲ್ಲಿ ಇಂಗ್ಲೆಂಡಿನಲ್ಲಿ ಹುಲ್ಲುಹಾಸಿನ ಬಗೆಗಿನ ಅಭಿರುಚಿ ಬದಲಾಗುತ್ತಿತ್ತು. ೧೮೩೦ರಲ್ಲಿ ಎಡ್ವಿನ್ ಬಡ್ಡಿಂಗ್ ಎಂಬಾತ ಹುಲ್ಲು ಕತ್ತರಿಸುವ ಯಂತ್ರಕ್ಕೆ ಪೇಟೆಂಟು ಪಡೆದನು. ಅದುವರೆಗೆ ಕುಡುಗೋಲು ಮತ್ತು ಕುರಿಗಳಿಂದ ಮಾತ್ರ ಸಾಧ್ಯವಾಗಿದ್ದ ನುಣುಪು ಇನ್ನು ಯಂತ್ರದಿಂದ ಸಾಧ್ಯವಾಯಿತು. ಸಮನಾಗಿ ಕತ್ತರಿಸಿದ ಹಸುರು ನೆಲ ಸಭ್ಯ ಜೀವನದ ಲಕ್ಷಣವೆನಿಸಿತು. ಇಂಗ್ಲೆಂಡಿನ ಮಳೆಗೆ ಹೊಂದಿಕೊಂಡ ಈ ಆದರ್ಶ ಸೈನ್ಯಾಧಿಕಾರಿಗಳೊಂದಿಗೆ ಬೆಂಗಳೂರಿಗೆ ಬಂದಿತು. ಅಲ್ಲಿನ ಮಳೆ ಮಾತ್ರ ಬರಲಿಲ್ಲ. ಅಲ್ಲಿನ ತಂಪು ನಾಡಿನ ಹುಲ್ಲುಗಳು ಇಲ್ಲಿನ ಬೇಸಗೆಯನ್ನು ತಾಳಲಾರವು. ಹೀಗಾಗಿ ಇಂಗ್ಲಿಷ್ ಆದರ್ಶಕ್ಕೆ ಗರಿಕೆಯನ್ನೇ ಪಳಗಿಸಬೇಕಾಯಿತು.

ಆದರೂ ಬಹುಕಾಲದವರೆಗೆ ಆಟಗಳು ನೆಲಕ್ಕೆ ಹೊಂದಿಕೊಂಡವೇ ಹೊರತು ನೆಲ ಆಟಕ್ಕೆ ಹೊಂದಿಕೊಳ್ಳಲಿಲ್ಲ. ದಕ್ಷಿಣ ಭಾರತದ ಅನೇಕ ಕ್ರಿಕೆಟ್ ಮೈದಾನಗಳಲ್ಲಿ ಹುಲ್ಲಿನ ಪಿಚ್ಚಿನ ಬದಲು ಗಟ್ಟಿನೆಲದ ಮೇಲೆ ನಾರಿನ ಚಾಪೆಯನ್ನು ಹಾಸಿ ಆಡುತ್ತಿದ್ದರು. ಭಾರತದ ಎಷ್ಟೋ ಗಾಲ್ಫ್ ಮೈದಾನಗಳಲ್ಲಿ ಗುಳಿಯ ಸುತ್ತ ಹಸುರು ಹುಲ್ಲಿನ ಬದಲು ಎಣ್ಣೆ ಬೆರೆಸಿ ಸಮಮಾಡಿದ ಮರಳಿನ ಕಣಗಳಿದ್ದು, ಅವುಗಳಿಗೆ ಬಣ್ಣದಿಂದಲೇ 'ಬ್ರೌನ್' ಎಂಬ ಹೆಸರು ಬಂದಿತ್ತು. ನೀರಿನ ಮಿತಿಯನ್ನು ಒಪ್ಪಿಕೊಂಡು ಕಂಡುಕೊಂಡ ಜಾಣ ಉಪಾಯಗಳಿವು.

೪. ಕೆರೆಯೋ, ಬಯಲೋ?

ಮೈದಾನದ ಹಿತಕ್ಕೂ ನೀರಿನ ಹಿತಕ್ಕೂ ನೇರವಾದ ಘರ್ಷಣೆ ನಡೆದುದನ್ನು ಸಂಪಂಗಿ ಕೆರೆಯ ಇತಿಹಾಸದಲ್ಲಿ ಕಾಣುತ್ತೇವೆ. ಈ ಕೆರೆ ಪೇಟೆಗೂ ದಂಡಿಗೂ ನಡುವೆ ಇದ್ದಿತು. ಇದರ ನೀರನ್ನು ನಂಬಿ ವಹ್ನಿಕುಲ ಕ್ಷತ್ರಿಯ ಸಮುದಾಯದ ತೋಟಗಾರರು ಹೂವು ತರಕಾರಿಗಳನ್ನು ಬೆಳೆಯುತ್ತಿದ್ದರು. ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ ದಂಡಿನಲ್ಲಿ ಪೋಲೋ ಆಟಕ್ಕೆ ವಿಶೇಷವಾದ ಮನ್ನಣೆಯಿತ್ತು. ೧೮೯೬ರಲ್ಲಿ ಇಲ್ಲಿಗೆ ಬಂದ ವಿನ್‌ಸ್ಟನ್ ಚರ್ಚಿಲ್ಲನ ದಿನಚರಿಯಲ್ಲಿ ಪೋಲೋವಿಗೂ ಗುಲಾಬಿಗಳಿಗೂ ಸಿಕ್ಕ ಸ್ಥಾನ ಎಲ್ಲರಿಗೂ ತಿಳಿದದ್ದೇ. ಕುದುರೆ ಓಡಲು ಸಮವಾದ, ಮೆತ್ತನೆಯ, ವಿಶಾಲವಾದ ನೆಲ ಬೇಕು. ಕೆರೆಯಂಗಳಕ್ಕಿಂತ ಒಳ್ಳೆಯ ನೆಲ ಬೇರೆ ಎಲ್ಲಿ ದೊರೆಯುತ್ತದೆ? ಕೆರೆಯಲ್ಲಿ ನೀರು ನಿಲ್ಲಬೇಕೆಂಬುದು ತೋಟಗಾರರ ಕೋರಿಕೆ. ಅಂಗಳ ಒಣಗಿರಬೇಕೆಂಬುದು ಆಟಗಾರರ ಅಪೇಕ್ಷೆ.

ಇದೇ ಸಮಯಕ್ಕೆ ನೀರಿನ ಮೂಲವೂ ಬದಲಾಯಿತು. ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ, ೧೮೯೬ರಲ್ಲಿ, ಹೆಸರಘಟ್ಟದ ನೀರು ಕೊಳವೆಗಳ ಮೂಲಕ ಬೆಂಗಳೂರಿಗೆ ಬಂದಿತು. ೧೯೩೩ರಲ್ಲಿ ತಿಪ್ಪಗೊಂಡನಹಳ್ಳಿಯ ನೀರು ಬಂದಿತು. ಇವು ಜನರ ಆರೋಗ್ಯಕ್ಕೆ ಮಹೋಪಕಾರಿಯಾದ ಕಾರ್ಯಗಳೆಂಬುದರಲ್ಲಿ ಸಂದೇಹವಿಲ್ಲ. ಆದರೆ ಮನೆಗೆ ನಲ್ಲಿ ಬಂದ ಮೇಲೆ ಊರಿನೊಳಗಿನ ಕೆರೆ ಅಧಿಕಾರಿಗಳ ದೃಷ್ಟಿಯಲ್ಲಿ ನೀರಿನ ಆಸರೆಯಾಗಿ ಉಳಿಯದೆ ಖಾಲಿ ಜಾಗವಾಯಿತು. ಸಂಪಂಗಿ ಕೆರೆ ಕ್ರಮೇಣ ಬತ್ತಿ, ಆ ಸ್ಥಳದಲ್ಲಿ ಕಂಠೀರವ ಕ್ರೀಡಾಂಗಣ ಎದ್ದಿತು. ೧೯೯೭ರ ರಾಷ್ಟ್ರೀಯ ಕ್ರೀಡಾಕೂಟ ನಡೆದುದು ಅಲ್ಲಿ. ಕರಗದ ವಿಧಿಗಳಿಗಾಗಿ ಒಂದು ಚಿಕ್ಕ ಕೊಳ ಮಾತ್ರ ಪಕ್ಕದಲ್ಲಿ ಉಳಿದಿದೆ. ಅಂದಿನ ತೋಟಗಾರರ ಹಕ್ಕಿನ ಕುರುಹಾಗಿ ಉಳಿದಿರುವುದು ಇಷ್ಟೇ.

೫. ಋತುವನ್ನು ಒಪ್ಪಿಕೊಂಡ ಉದ್ಯಾನಕಲೆ

ಪಾಶ್ಚಾತ್ಯ ತೋಟಗಾರಿಕೆಯೆಲ್ಲ ಈ ನಾಡಿನ ಋತುವನ್ನು ಅಲಕ್ಷಿಸಿತೆಂದು ಹೇಳುವುದು ನ್ಯಾಯವಲ್ಲ. ೧೯೦೮ರಲ್ಲಿ ಲಾಲ್‌ಬಾಗಿನ ಅಧಿಕಾರ ವಹಿಸಿಕೊಂಡ ಜರ್ಮನ್ ತೋಟಗಾರ ಜಿ. ಎಚ್. ಕ್ರುಂಬಿಗಲ್ಲರು ಬೇರೆ ದಾರಿಯನ್ನು ತೋರಿದರು. ವರ್ಷವಿಡೀ ಊರಿನಲ್ಲಿ ಬಣ್ಣವಿರಬೇಕಾದರೆ ಒಂದೇ ಗಿಡವನ್ನು ವರ್ಷವಿಡೀ ಅರಳಿಸಬೇಕಾಗಿಲ್ಲ. ಬೇರೆ ಬೇರೆ ತಿಂಗಳಲ್ಲಿ ಹೂಬಿಡುವ ಮರಗಳನ್ನು ಬೀದಿಗಳಲ್ಲಿ ಅನುಕ್ರಮವಾಗಿ ನೆಟ್ಟರಾಯಿತು ಎಂಬುದು ಅವರ ಯೋಜನೆಯ ತಿರುಳು. ಮಾರ್ಚಿಯ ಹೊತ್ತಿಗೆ ಜಕರಂದ, ಏಪ್ರಿಲ್ ಮೇ ತಿಂಗಳಲ್ಲಿ ಗುಲ್‌ಮೊಹರ್ ಮತ್ತು ಕಕ್ಕೆ, ಮಳೆಯ ಕೊನೆಗೆ ಆಕಾಶಮಲ್ಲಿಗೆ, ಹೀಗೆ ಒಂದರ ಸರದಿ ಮುಗಿಯುವಾಗ ಮತ್ತೊಂದರ ಸರದಿ ಬರುತ್ತದೆ. ನೆಲದ ಹುಲ್ಲು ಒಣಗಿದ ಬೇಸಗೆಯಲ್ಲೇ ಮರದ ತಲೆ ಹೂವಾಗುತ್ತದೆ. ಬೇರು ಆಳಕ್ಕಿಳಿದ ಮರಕ್ಕೆ ಹುಲ್ಲುಹಾಸಿನಂತೆ ದಿನದಿನವೂ ನೀರೆರೆಯಬೇಕಾಗಿಲ್ಲ. ಋತುವಿನೊಡನೆ ಹೋರಾಡದೆ ಅದರ ಸರದಿಯನ್ನೇ ಸೌಂದರ್ಯವಾಗಿ ಮಾಡಿದ ಈ ಕ್ರಮ, ಕಾವಲುಗಳ ವಿಂಗಡಣೆಯ ಹಿಂದಿದ್ದ ವಿವೇಕಕ್ಕೆ ಹತ್ತಿರವಾದುದೆಂದು ನಮ್ಮ ಅಭಿಪ್ರಾಯ.

೬. ಇತ್ತೀಚಿನ ದಶಕಗಳು

೧೯೪೭ರಲ್ಲಿ ದಂಡು ಪ್ರದೇಶ ಮೈಸೂರು ಸಂಸ್ಥಾನಕ್ಕೆ ಮರಳಿತು. ನಗರ ಪೂರ್ವಕ್ಕೆ ಬೆಳೆಯುತ್ತ ಬಾಣಸವಾಡಿಯನ್ನು ತನ್ನೊಳಗೆ ಸೇರಿಸಿಕೊಂಡಿತು. ಈ ಭಾಗದ ಗೋಮಾಳಗಳೂ ಹಲವು ಕೆರೆಗಳ ಅಂಗಳಗಳೂ ಬಡಾವಣೆಗಳಾದವು. ಬಡಾವಣೆಯ ನಕ್ಷೆಯಲ್ಲಿ ಉದ್ಯಾನಕ್ಕೆ ಸ್ಥಳ ಬಿಟ್ಟರು. ಆದರೆ ಅದು ಕೆರೆಯಿಂದ ಬೇರ್ಪಟ್ಟ, ಬೇಲಿಯೊಳಗಿನ ಉದ್ಯಾನ. ೧೯೭೪ರಲ್ಲಿ ಕಾವೇರಿಯ ನೀರು ನಗರಕ್ಕೆ ಬಂದಿತು. ಸುಮಾರು ನೂರು ಕಿಲೋಮೀಟರ್ ದೂರದಿಂದ, ಐನೂರು ಮೀಟರ್ ಎತ್ತರಕ್ಕೆ ವಿದ್ಯುಚ್ಛಕ್ತಿಯಿಂದ ಎತ್ತಿ ತರುವ ನೀರು ಅದು. ಆ ನೀರು ತಲುಪದ ಕಡೆ ಕೊಳವೆಬಾವಿಗಳು ಬಂದವು. ಅದೇ ೧೯೭೪ರ ನವೆಂಬರಿನಲ್ಲಿ, ಇಂದು ಚಿನ್ನಸ್ವಾಮಿ ಕ್ರೀಡಾಂಗಣವೆಂದು ಹೆಸರಾಗಿರುವ ಮೈದಾನದಲ್ಲಿ ವೆಸ್ಟ್ ಇಂಡೀಸ್ ತಂಡದೊಡನೆ ಮೊದಲ ಟೆಸ್ಟ್ ಪಂದ್ಯ ನಡೆಯಿತು.

ಈ ಕ್ರೀಡಾಂಗಣದ ಇತ್ತೀಚಿನ ಅನುಭವ ನಮ್ಮ ವಿಷಯವನ್ನು ಎರಡೂ ತುದಿಗಳಿಂದ ಸ್ಪಷ್ಟಪಡಿಸುತ್ತದೆ. ೨೦೧೫ರ ನವೆಂಬರಿನಲ್ಲಿ ದಕ್ಷಿಣ ಆಫ್ರಿಕದೊಡನೆ ನಡೆದ ಟೆಸ್ಟ್ ಪಂದ್ಯದಲ್ಲಿ ಮೊದಲ ದಿನ ಬಿಟ್ಟು ಉಳಿದ ನಾಲ್ಕು ದಿನಗಳೂ ಮಳೆಗೆ ಬಲಿಯಾದವು. ೨೦೧೭ರಲ್ಲಿ ನೆಲದಡಿಯ ಕೊಳವೆಗಳಿಂದ ನೀರನ್ನು ಹೀರಿ, ಬೇರುಗಳಿಗೆ ಗಾಳಿಯಾಡಿಸುವ 'ಸಬ್‌ಏರ್' ಎಂಬ ಯಂತ್ರವ್ಯವಸ್ಥೆಯನ್ನು ಅಳವಡಿಸಲಾಯಿತು. ಹೆಚ್ಚಾದ ನೀರಿನ ಸಮಸ್ಯೆಗೆ ಇದು ಉತ್ತರ. ಕಡಮೆಯಾದ ನೀರಿನ ಸಮಸ್ಯೆ ೨೦೨೪ರ ಬೇಸಗೆಯಲ್ಲಿ ಎದುರಾಯಿತು. ಕೊಳವೆಬಾವಿಗಳು ಬತ್ತಿ ನಗರದಲ್ಲಿ ಕುಡಿಯುವ ನೀರಿಗೇ ಕಷ್ಟವಾದಾಗ, ಮಾರ್ಚಿ ತಿಂಗಳಲ್ಲಿ ಜಲಮಂಡಳಿ ಕುಡಿಯುವ ನೀರನ್ನು ಕೈದೋಟಗಳಿಗೂ ವಾಹನ ತೊಳೆಯುವುದಕ್ಕೂ ಬಳಸಬಾರದೆಂದು ಆಜ್ಞೆ ಹೊರಡಿಸಿ, ತಪ್ಪಿದವರಿಗೆ ೫,೦೦೦ ರೂಪಾಯಿ ದಂಡ ವಿಧಿಸಿತು. ಕ್ರೀಡಾಂಗಣದ ಹುಲ್ಲಿಗೆ ಕಬ್ಬನ್ ಪಾರ್ಕಿನ ಘಟಕದಿಂದ ಶುದ್ಧೀಕರಿಸಿದ ಬಳಕೆಯ ನೀರನ್ನು ಒದಗಿಸಲಾಯಿತು. ಸಂಪಂಗಿ ಕೆರೆಯ ಬಳಿ ಎದ್ದಿದ್ದ ಪ್ರಶ್ನೆಯೇ ನೂರು ವರ್ಷಗಳಿಗೂ ಮೀರಿದ ಕಾಲದ ಮೇಲೆ, ಸರ್ಕಾರಿ ಆಜ್ಞೆಯ ರೂಪದಲ್ಲಿ, ಮತ್ತೆ ಎದ್ದಿತೆನ್ನಬಹುದು.

೭. ಮಳೆನಕ್ಷತ್ರಗಳ ಪಂಚಾಂಗ

ಹಾಗಾದರೆ ಮೈದಾನಗಳ ಪಾಲನೆ ಯಾವ ಕ್ರಮದಲ್ಲಿ ನಡೆಯಬೇಕು? ನಮ್ಮ ರೈತರು ಬಿತ್ತನೆ ಕಟಾವುಗಳಿಗೆ ಅನುಸರಿಸುವ ಮಳೆನಕ್ಷತ್ರಗಳ ಲೆಕ್ಕವೇ ಇದಕ್ಕೂ ಸಾಕು. ಏಪ್ರಿಲ್ ಕೊನೆಯ ಭರಣಿ ಹಾಗೂ ಮೇ ತಿಂಗಳ ಕೃತ್ತಿಕೆಯ ಮಳೆಗೆ ನೆಲ ಮೆತ್ತಗಾದಾಗ ಜೇಕಿನ ಗೆಡ್ಡೆಗಳನ್ನು ಅಗೆದು ತೆಗೆಯಬೇಕು. ಗಟ್ಟಿಯಾದ ಕಡೆ ಸಲಾಕೆಯಿಂದ ಚುಚ್ಚಿ ಸಡಿಲಮಾಡಿ, ಕೆಮ್ಮಣ್ಣು, ಮರಳು, ಕಳಿತ ಗೊಬ್ಬರಗಳನ್ನು ಜರಡಿ ಹಿಡಿದು ತಗ್ಗುಗಳನ್ನು ತುಂಬಬೇಕು. ಜೂನ್ ತಿಂಗಳ ಮೃಗಶಿರ, ಆರಿದ್ರೆಗಳಲ್ಲಿ ಬೋಳಾದ ಕಡೆ ಗರಿಕೆಯ ತುಂಡುಗಳನ್ನು ಸಾಲಾಗಿ ನೆಟ್ಟು, ಬೇರೂರುವವರೆಗೆ ತುಳಿತವನ್ನು ತಡೆಯಬೇಕು. ಪುಷ್ಯ, ಆಶ್ಲೇಷಗಳ ಸೋನೆಯಲ್ಲಿ ಹುಲ್ಲು ವೇಗವಾಗಿ ಬೆಳೆಯುತ್ತದೆ. ಪದೇ ಪದೇ ಕತ್ತರಿಸಬೇಕು, ಆದರೆ ಒಂದು ಸಲಕ್ಕೆ ಎತ್ತರದ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು ಕತ್ತರಿಸಬಾರದು. ಒದ್ದೆನೆಲದ ಮೇಲೆ ರೋಲರ್ ಎಳೆದರೆ ಮಣ್ಣು ಬಿಗಿದು ಬೇರಿಗೆ ಗಾಳಿ ಸೇರುವುದಿಲ್ಲ. ಉತ್ತರೆಯಿಂದ ಚಿತ್ತೆಯವರೆಗೆ, ಅಂದರೆ ಸೆಪ್ಟೆಂಬರ್ ಮಧ್ಯದಿಂದ ಅಕ್ಟೋಬರ್ ಕೊನೆಯವರೆಗೆ, ಚರಂಡಿಗಳನ್ನು ತೆರೆದಿಡುವುದೇ ಮುಖ್ಯ ಕೆಲಸ. ಸ್ವಾತಿ, ವಿಶಾಖೆಗಳು ಕಳೆದ ಮೇಲೆ ಹುಲ್ಲನ್ನು ಕೊಂಚ ಎತ್ತರವಾಗಿ ಬಿಡಬೇಕು. ನೀರು ಕೊಡುವುದಾದರೆ ಅಪರೂಪಕ್ಕೆ, ಆಳಕ್ಕೆ ಇಳಿಯುವಂತೆ ಕೊಡಬೇಕು. ಫೆಬ್ರವರಿ ಮಾರ್ಚಿಗಳಲ್ಲಿ ಬಯಲು ಕಂದಾಗುವುದನ್ನು ಅವಮಾನವೆಂದು ಭಾವಿಸಬೇಕಾಗಿಲ್ಲ.

ಈ ಕ್ರಮದ ವಿರುದ್ಧ ಒಂದು ಆಕ್ಷೇಪ ಬರಬಹುದು. ಅಂತರರಾಷ್ಟ್ರೀಯ ಪಂದ್ಯಗಳು ಬೇಸಗೆಯಲ್ಲೇ ನಡೆಯುವಾಗ, ಮಕ್ಕಳಿಗೆ ಬೇಸಗೆಯಲ್ಲೇ ರಜೆಯಿರುವಾಗ, ಬಯಲು ಹಸುರಾಗಿರುವುದು ಬೇಡವೇ? ಆಕ್ಷೇಪದಲ್ಲಿ ಹುರುಳಿದೆ. ಹಸುರು ಬಯಲು ಬರಿಯ ಆಡಂಬರವಲ್ಲ. ಇಕ್ಕಟ್ಟಾದ ಬಡಾವಣೆಯ ಮಕ್ಕಳಿಗೆ ಅದು ಆರೋಗ್ಯ. ಆದರೆ ಎಲ್ಲ ಬಯಲೂ ಎಲ್ಲ ತಿಂಗಳೂ ಹಸುರಾಗಿರಬೇಕೆಂಬ ನಿಯಮವನ್ನು ಈ ನಾಡಿನ ಮಳೆ ಎಂದೂ ಬೆಂಬಲಿಸಿಲ್ಲ. ಬೇಸಗೆಗೊಂದು, ಮಳೆಗಾಲಕ್ಕೊಂದು ಎಂದು ಕಾವಲುಗಳನ್ನು ವಿಂಗಡಿಸಿದವರಂತೆ, ಶುದ್ಧೀಕರಿಸಿದ ನೀರು ದೊರೆಯುವ ಕೆಲವು ಮೈದಾನಗಳನ್ನು ಬೇಸಗೆಗೆ ಇಟ್ಟುಕೊಂಡು ಉಳಿದವಕ್ಕೆ ವಿರಾಮ ಕೊಡುವುದು ಅಸಾಧ್ಯವಾದ ಮಾತಲ್ಲ.

ಕಾಲೇಜುಗಳ ಅಧ್ಯಾಪಕರೂ ವಿದ್ಯಾರ್ಥಿಗಳೂ ಈ ವಿಷಯದಲ್ಲಿ ಮಾಡಬಹುದಾದ ಕೆಲಸ ಬಹಳವಿದೆ. ತಮ್ಮ ಕಾಲೇಜಿನ ಮೈದಾನ ಹಿಂದೆ ಗೋಮಾಳವಾಗಿತ್ತೋ, ತೋಪಾಗಿತ್ತೋ, ಕೆರೆಯಂಗಳವಾಗಿತ್ತೋ ಎಂಬುದನ್ನು ಹಳೆಯ ಸರ್ವೆ ನಕ್ಷೆಗಳಿಂದ ಗುರುತಿಸಬಹುದು. ವಯಸ್ಸಾದ ಮಾಲಿಗಳಿಂದ ಅವರ ಕೆಲಸದ ಕ್ರಮವನ್ನೂ ಅವರು ಬಳಸುವ ಮಾತುಗಳನ್ನೂ ಕೇಳಿ ಬರೆದಿಡಬಹುದು. ಮಾಲಿಗಳ ಹೆಸರುಗಳು ಯಾವ ಶಿಲಾಶಾಸನದಲ್ಲಿಯೂ ಇಲ್ಲ. ಅವರ ಅನುಭವ ಬರೆಹಕ್ಕೆ ಬರುವ ಮುನ್ನವೇ ಕಳೆದುಹೋದರೆ, ಬೆಂಗಳೂರಿನ ಬಯಲುಗಳ ಇತಿಹಾಸದಲ್ಲಿ ಅವುಗಳನ್ನು ತುಳಿದವರ ಕಥೆ ಮಾತ್ರ ಉಳಿದು, ಕಾದವರ ಕಥೆ ಉಳಿಯುವು­ದಿಲ್ಲ.